ಮೊದಲ ಪುಟದಲ್ಲೇ ಮುಗಿದ ಪಾಠ

"ಹಸಿರು ಕಾಣಿಸ್ತಾ ಇದೆಯಾ ಮೇಡಂ, ಇಲ್ಲ ಕನ್ನಡಕ ತರಿಸಬೇಕಾ?"

ಸರ್ಟಿಫಿಕೇಟ್ ಸಾರ್ ಗೋಡೆಯ ಮೇಲಿನ ದೊಡ್ಡ ಪರದೆಯನ್ನು ಬೆರಳಿನಿಂದ ಕುಟ್ಟಿದ. ಬೆರಳು ತಾಗಿದಲ್ಲಿ ಆಪರೇಟರನ ಸಾಲಿತ್ತು. ಸಾಲಿನ ತುದಿಗೆ ಹಸಿರು ಚೌಕ, ಚೌಕದೊಳಗೆ 'ಪೂರ್ಣ' ಎಂಬ ಒಂದೇ ಪದ.

"ಕಾಣಿಸ್ತಾ ಇದೆ," ಎಂದಳು ಕ್ಯಾತೆ. "ಅದು ಸುಳ್ಳು ಅಂತ ಹೇಳೋಕೇ ಬಂದಿದ್ದೀನಿ."

ಶೀತಲಗೃಹದ ತರಬೇತಿ ಕೋಣೆಯದು. ಗೋಡೆಯಾಚೆ ಆಲೂಗಡ್ಡೆ ಮೂಟೆಗಳ ಉಗ್ರಾಣ. ಗೋಡೆಗೆ ಕೈಯಿಟ್ಟರೆ ಕೈ ಒದ್ದೆಯಾಗುತ್ತಿತ್ತು. ಅಮೋನಿಯಾ ಸೋರಿ ವಾರಗಳೇ ಕಳೆದಿದ್ದರೂ ಕುರ್ಚಿಗಳ ಸ್ಪಂಜು ಆ ಘಾಟನ್ನು ಬಿಟ್ಟುಕೊಟ್ಟಿರಲಿಲ್ಲ. ಕೂತರೆ ಸಾಕು, ಮೂಗಿಗೆ ಅಡರುತ್ತಿತ್ತು.

ಆ ಸೋರಿಕೆಯಲ್ಲಿ ಒಬ್ಬ ಲೋಡರ್ ಸತ್ತಿದ್ದ. ತಂಪಿನ ಯಂತ್ರದ ತಳದಲ್ಲಿ ನಿಂತ ಎಣ್ಣೆಯನ್ನು ಹೊರಗೆ ಇಳಿಸುತ್ತಿದ್ದ ಆಪರೇಟರ್ ಗಂಟಲು ಸುಟ್ಟುಕೊಂಡು, ಕೊಳವೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಅವನು ವಾಲ್ವ್ ತೆರೆದ ಕ್ರಮ ತಪ್ಪು. ಕಂಪನಿಯ ವಾದ ಸರಳ: ಆ ಕ್ರಮ ಕಲಿಸುವ ಕಂಪ್ಯೂಟರ್ ಪಾಠವನ್ನು ಇವನು ಮುಗಿಸಿದ್ದಾನೆ, ಗೊತ್ತಿದ್ದೂ ತಪ್ಪು ಮಾಡಿದ್ದಾನೆ, ಸಾವು ಇವನ ತಲೆಗೆ. ಸಂಜೆಯೊಳಗೆ ವಿಚಾರಣೆಯ ವರದಿ ಪೊಲೀಸರ ಕೈ ಸೇರುತ್ತದೆ. ಹಸಿರು ಚೌಕ ಹಾಗೇ ಉಳಿದರೆ ಆಸ್ಪತ್ರೆಯ ಮಂಚದಿಂದ ಅವನು ನೇರ ಜೈಲಿಗೆ.

ಅವನ ಅಕ್ಕ ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬೀದಿಯವರೆಲ್ಲ ಟೈಲರಕ್ಕ ಎನ್ನುವುದು ಇವಳಿಗೇ. ಹೊಲಿಗೆ ಬಿಟ್ಟು ಎದ್ದು ಬಂದಿದ್ದಳು. ಅಳತೆ ಟೇಪು ಕೊರಳಲ್ಲೇ ಇತ್ತು. ಕ್ಯಾತೆಯನ್ನು ಈ ಕೇಸಿಗೆ ಕರೆತಂದವಳು ಇವಳೇ.

ಕ್ಯಾತೆ ಎಂಬುದು ಹಳೆಯ ಆಫೀಸಿನವರು ಇಟ್ಟ ಹೆಸರು. ಆನ್‌ಲೈನ್ ಪಾಠಗಳು ಒಂದು ಪ್ಲಾಟ್‌ಫಾರ್ಮಿನಲ್ಲಿ ಓಡಿದಂತೆ ಇನ್ನೊಂದರಲ್ಲೂ ಓಡುತ್ತವೆಯೇ, ಸ್ಟ್ಯಾಂಡರ್ಡ್‌ಗೆ ಸರಿಯಾಗಿವೆಯೇ ಎಂದು ಪರೀಕ್ಷಿಸುವುದು ಅಲ್ಲಿ ಅವಳ ಕೆಲಸವಾಗಿತ್ತು. ಕಂಡದ್ದಕ್ಕೆಲ್ಲ ಕ್ಯಾತೆ ತೆಗೆಯುತ್ತಾಳೆಂದು ಕೊನೆಗೆ ಮನೆಗೆ ಕಳಿಸಿದರು. ಈಗ ಅದೇ ಗುಣವನ್ನು ಬಾಡಿಗೆಗೆ ಕೊಟ್ಟು ಬದುಕುತ್ತಿದ್ದಳು. ಹೆಸರನ್ನು ಬದಲಿಸುವ ಗೋಜಿಗೆ ಹೋಗಿರಲಿಲ್ಲ.

"ಸುಳ್ಳು ಅನ್ನೋದು ದೊಡ್ಡ ಮಾತು," ಎಂದರು ಮೇಜಿನ ಹಿಂದೆ ಕೂತಿದ್ದ ವಿಚಾರಣಾಧಿಕಾರಿ. ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ, ನುಣ್ಣಗೆ ಬೋಳಿಸಿದ ಗಲ್ಲ. ಇವರು ಕಂಪನಿಯವರಲ್ಲ, ಹೊರಗಿನವರು, ಯಾರ ಕಡೆಯೂ ಅಲ್ಲ ಎಂದು ನೋಟಿಸಿನಲ್ಲೇ ಬರೆದಿತ್ತು. "ನನಗೆ ಈ ಕಂಪ್ಯೂಟರ್ ಪಾಠ ಗೀಠ ಒಂದೂ ಗೊತ್ತಿಲ್ಲಮ್ಮ. ಇವತ್ತೇ ಮೊದಲು ನೋಡ್ತಿರೋದು. ತಿಳಿಯೋ ಹಾಗೆ ಹೇಳಿ."

"ಹೇಳ್ತೀನಿ ಸಾರ್. ಅದಕ್ಕೆ ಮುಂಚೆ ಇವರಿಗೆ ಒಂದೇ ಪ್ರಶ್ನೆ." ಕ್ಯಾತೆ ಸರ್ಟಿಫಿಕೇಟ್ ಸಾರ್ ಕಡೆ ತಿರುಗಿದಳು. "ಪಟ್ಟೀನ ಸ್ವಲ್ಪ ಮೇಲಕ್ಕೆ ಸರಿಸಿ. ಇನ್ನೂ. ಹಾಂ, ನಿಲ್ಲಿಸಿ. ಇದು ನಿಮ್ಮ ಹೆಸರೇ ಅಲ್ವಾ?"

"ಹೌದು. ತರಬೇತಿ ಮುಖ್ಯಸ್ಥ ಅಂದ್ಮೇಲೆ ಮೊದಲ ಹೆಸರು ನನ್ನದೇ ಇರ್ಬೇಕಲ್ಲ."

"ಅದರ ಮುಂದೇನೂ ಹಸಿರು ಇದೆ. ಪಾಠ ಮುಗಿಸಿದ್ದೀರಿ."

"ಮುಗಿಸಿದ್ದೀನಿ."

"ಹಾಗಾದ್ರೆ ಹೇಳಿ. ಎಣ್ಣೆ ಇಳಿಸೋವಾಗ ಮೊದಲು ಮುಟ್ಟಬೇಕಾದ್ದು ಮೇಲಿನ ವಾಲ್ವೋ, ಕೆಳಗಿನದ್ದೋ?"

ಸರ್ಟಿಫಿಕೇಟ್ ಸಾರ್ ಬಾಯಿ ತೆರೆದ. ಪರದೆ ನೋಡಿದ. ಪರದೆಯಲ್ಲಿ ಉತ್ತರವಿರಲಿಲ್ಲ.

"ನಾನು ಮ್ಯಾನೇಜ್‌ಮೆಂಟು. ವಾಲ್ವ್ ತಿರುಗಿಸೋದು ನನ್ನ ಕೆಲಸ ಅಲ್ಲ."

"ಲೋಡರ್ ಕೆಲಸಾನೂ ಅಲ್ಲ, ಅವನು ಸತ್ತ. ಮೇಲಿನದ್ದೋ ಕೆಳಗಿನದ್ದೋ?"

"ಮೇಲ್... ಅಲ್ಲ, ಕೆಳಗಿನದು ತೆರೆದು..."

"ನನ್ನ ತಮ್ಮಾನೂ ಅದನ್ನೇ ತೆರೆದಿದ್ದು!" ಬಾಗಿಲ ಕಡೆಯಿಂದ ಟೈಲರಕ್ಕನ ದನಿ ಹಾರಿ ಬಂತು. "ಅವನು ಮಾಡಿದ್ರೆ ಕೊಲೆ. ನೀವು ಹೇಳಿದ್ರೆ ಮ್ಯಾನೇಜ್‌ಮೆಂಟಾ?"

"ಅಕ್ಕ, ಇರಿ," ಎಂದಳು ಕ್ಯಾತೆ. ಆದರೆ ಅವಳ ತುಟಿಯ ಮೂಲೆ ಒಂದಿಷ್ಟು ಮೇಲೆದ್ದಿತ್ತು. "ಮೊದಲು ಮೇಲಿನದ್ದನ್ನ ಮುಚ್ಚಬೇಕು ಸಾರ್. ಆಮೇಲೆ ಕೆಳಗಿನದ್ದು ತೆರೀಬೇಕು, ಇಲ್ದಿದ್ರೆ ಎಣ್ಣೆ ಜೊತೆ ಅಮೋನಿಯಾನೂ ಹೊರಗೆ ಬರತ್ತೆ. ಪಾಠದ ನಡುಭಾಗದಲ್ಲಿ ಚಿತ್ರ ಸಮೇತ ಇದೆ. ನಿನ್ನೆ ಪಾಠ ತಯಾರು ಮಾಡಿದೋರ ಹತ್ತಿರಾನೇ ಹೋಗಿ, ಪ್ರತಿ ತಗೊಂಡು ಕೂತು ನೋಡಿದೆ. ಒಳ್ಳೇ ಪಾಠ. ಹೊರಗೆ ಬರೋ ಗುಂಡಿ ಎಲ್ಲಿ ಬಚ್ಚಿಟ್ಟಿದ್ದಾರೆ ಅಂತ ಹುಡುಕೋಕೆ ಮಾತ್ರ ಪ್ರಾಣ ಹೋಯ್ತು."

ಸರ್ಟಿಫಿಕೇಟ್ ಸಾರ್ ಟೈ ಸರಿಮಾಡಿಕೊಂಡ. ಅವನ ಹಿಂದಿನ ಗೋಡೆಯ ತುಂಬ ಚೌಕಟ್ಟು ಹಾಕಿದ ಪ್ರಮಾಣಪತ್ರಗಳು. ಕೆಲಸಗಾರರು ಅವನಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಪಾಠದ ಮಾತು ಬಂದಾಗಲೆಲ್ಲ ಅವನು ಆ ಗೋಡೆಯನ್ನೇ ತೋರಿಸುತ್ತಿದ್ದ.

"ನೋಡಿ ಸಾರ್," ಎಂದ ಅಧಿಕಾರಿಯ ಕಡೆ ಬಾಗಿ, "ನನಗೆ ಮರೆತಿರಬಹುದು. ಮರೆಯೋದು ಅಪರಾಧ ಅಲ್ಲ. ಅವನು ಪಾಠ ತೆರೆದ, ಮುಗಿಸಿದ, ಕಂಪ್ಯೂಟರ್ ಬರ್ಕೊಂಡಿದೆ. ಕಂಪ್ಯೂಟರಿಗೆ ನಮ್ಮ ಮೇಲೆ ಪ್ರೀತೀನೂ ಇಲ್ಲ, ಅವನ ಮೇಲೆ ದ್ವೇಷಾನೂ ಇಲ್ಲ."

"ಬುದ್ಧೀನೂ ಇಲ್ಲ," ಎಂದಳು ಕ್ಯಾತೆ.

ಆಸ್ಪತ್ರೆಯಲ್ಲಿ ಆಪರೇಟರ್ ಮಾತಾಡಲಾರ. ಕ್ಯಾತೆ ಹೋದಾಗ ತನ್ನ ಅಂಗೈ ಮೇಲೆ ಬೆರಳಿನಲ್ಲಿ ಪುಸ್ತಕದಂತೆ ಒಂದು ಚೌಕ ಬರೆದು, ಒಂದು ಹಾಳೆ ಮಗುಚಿದಂತೆ ಮಾಡಿ, ಅಲ್ಲಿಗೇ ನಿಲ್ಲಿಸಿದ್ದ. ನಂತರ ಗಂಟೆ ಬಾರಿಸುವ ಸನ್ನೆ. ಪಾಠ ತೆರೆದೆ, ಮೊದಲ ಪುಟ ಕಂಡೆ, ಕೆಲಸದ ಗಂಟೆ ಹೊಡೆಯಿತು, ಎದ್ದು ಹೋದೆ. ಅಷ್ಟೇ.

ಅದನ್ನು ನಂಬುವವರು ಈ ಕೋಣೆಯಲ್ಲಿ ಯಾರೂ ಇರಲಿಲ್ಲ. ನಂಬಿಕೆಯ ಅಗತ್ಯವಿಲ್ಲದ ಸಾಕ್ಷಿ ಬೇಕಿತ್ತು.

"ಸಾರ್, ಪಾಠ ಬೇರೆ, ಅದನ್ನ ತೋರಿಸೋ ಪ್ಲಾಟ್‌ಫಾರ್ಮ್ ಬೇರೆ," ಎಂದು ಅಧಿಕಾರಿಯ ಮುಂದೆ ಬಂದು ನಿಂತಳು. "ಪಾಠ ತಯಾರು ಮಾಡೋರು ಒಬ್ರು, ಪ್ಲಾಟ್‌ಫಾರ್ಮ್ ಮಾರೋರು ಇನ್ನೊಬ್ರು. ಇಬ್ರಿಗೂ ಹೊಂದಾಣಿಕೆ ಆಗ್ಲಿ ಅಂತಾನೇ ಸ್ಟ್ಯಾಂಡರ್ಡ್ ಇರೋದು. ಇವನು ಇಷ್ಟು ಓದಿದ, ಪಾಸಾದ, ಫೇಲಾದ ಅಂತ ಪಾಠ ತಿಳಿಸ್ಬೇಕು, ಪ್ಲಾಟ್‌ಫಾರ್ಮ್ ಬರ್ಕೋಬೇಕು. ಹೇಗೆ ತಿಳಿಸ್ಬೇಕು ಅನ್ನೋದಕ್ಕೆ ಹಳೇ ಸ್ಟ್ಯಾಂಡರ್ಡ್ ಒಂದಿದೆ, ಹೊಸದು ಒಂದಿದೆ."

"ಸರಿ."

"ಈ ಪಾಠ ಮಾಡಿರೋದು ಹೊಸದಕ್ಕೆ. ಈ ಕೋಣೇಲಿರೋ ಪ್ಲಾಟ್‌ಫಾರ್ಮ್ ಹಳೇದು. ಪಾಠಾನ ಅದು ಒಳಗೇ ಬಿಟ್ಕೊಳ್ಳಲಿಲ್ಲ. ಆಗ ಇಲ್ಲಿಯೋರು ಪ್ಯಾಕೇಜಿನ ಮೇಲಿನ ಗುರುತು ಬದಲಾಯಿಸಿದ್ರು. ಪಾಠ ತೆರೀತು, ಪಾಠ ಮುಚ್ಚಿತು, ಈ ಎರಡು ಸುದ್ದಿ ಮಾತ್ರ ಹಳೇ ರೀತೀಲಿ ಹೋಗೋ ಹಾಗೆ ತಿದ್ದಿದ್ರು. ಮಧ್ಯದ್ದನ್ನ ಮುಟ್ಟಲಿಲ್ಲ."

"ಪಾಠ ಓಡ್ತಲ್ಲ!" ಎಂದ ಸರ್ಟಿಫಿಕೇಟ್ ಸಾರ್. "ಅಷ್ಟು ದುಡ್ಡು ಕೊಟ್ಟು ಮಾಡಿಸಿದ ಪಾಠಾನ ಮೂಲೆಗೆ ಎಸೀಬೇಕಿತ್ತಾ?"

"ಓಡ್ತು. ಅಷ್ಟಕ್ಕೇ ಖುಷಿಯಾಗಿ ನೀವು ಎದ್ದು ಹೋದ್ರಿ. ಆದ್ರೆ ಹಳೇ ಸ್ಟ್ಯಾಂಡರ್ಡ್‌ನಲ್ಲಿ ಒಂದು ನಿಯಮ ಇದೆ. ಪಾಠ ಏನೂ ತಿಳಿಸದೇ ಮುಚ್ಚಿಕೊಂಡ್ರೆ, ಮುಗೀತು ಅಂತ ಪ್ಲಾಟ್‌ಫಾರ್ಮೇ ಬರ್ಕೊಳ್ಳತ್ತೆ. ಇಲ್ಲಿ ಪಾಠ ತಿಳಿಸಿದ್ದು ಯಾವುದೂ ಅದಕ್ಕೆ ತಲುಪೇ ಇಲ್ಲ. ಹಾಗಾಗಿ ಎಲ್ಲರೂ ಮುಗಿಸಿದ್ದಾರೆ. ಕಸ ಗುಡಿಸೋರು, ಕಾವಲಿನೋರು, ಇವರು."

ಟೈಲರಕ್ಕ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ಗಿರಾಕಿ ಅಂಗಡಿಯೊಳಗೆ ಬಂದು ಹಾಗೇ ವಾಪಸ್ ಹೋದ್ರೆ, ರವಿಕೆ ಹೊಲಿದು ಕೊಟ್ಟಾಯ್ತು ಅಂತ ಬರ್ಕೊಂಡ ಹಾಗಾಯ್ತು."

"ಇದೆಲ್ಲ ಕಥೆ," ಎಂದ ಸರ್ಟಿಫಿಕೇಟ್ ಸಾರ್. "ಕೆಲಸದಿಂದ ತೆಗೆದು ಹಾಕಿದೋರು ಇಂಥ ಕಥೇನೇ ಹೇಳೋದು. ಯಾವ ಕಂಪನೀಲೂ ಇವರು ನೆಟ್ಟಗೆ ಬಾಳಿಲ್ಲ. ವಿಚಾರಿಸಿದ್ದೀನಿ."

"ಚೆನ್ನಾಗಿ ವಿಚಾರಿಸಿ. ಅವರೆಲ್ಲ ನನ್ನ ನೆನಪಾದ್ರೆ ಇನ್ನೂ ಬೆಚ್ಚಿ ಬೀಳ್ತಾರೆ." ಅವಳು ಮೌಸನ್ನು ಎತ್ತಿ ಅಧಿಕಾರಿಯ ಮುಂದಿಟ್ಟಳು. "ನೀವೇ ಮಾಡಿ ನೋಡಿ ಸಾರ್. ನಿಮ್ಮ ಹೆಸರಲ್ಲಿ ಹೊಸ ಖಾತೆ ತೆರೆಸಿ. ಪಾಠ ತೆರೆದು, ಒಂದಕ್ಷರಾನೂ ಓದದೆ ಮುಚ್ಚಿ. ನೀವು ಯಾರ ಕಡೆಯೂ ಅಲ್ವಲ್ಲ."

"ಬೇಡ ಸಾರ್," ಎಂದ ಸರ್ಟಿಫಿಕೇಟ್ ಸಾರ್, ತುಸು ಬೇಗನೇ.

ಬೇಡವೆಂದದ್ದೇ ಅವನಿಗೆ ಮುಳುವಾಯಿತು. ಅಧಿಕಾರಿ ಅವನನ್ನೊಮ್ಮೆ, ಕ್ಯಾತೆಯನ್ನೊಮ್ಮೆ ನೋಡಿ, ಬೇರೆ ದಾರಿಯಿಲ್ಲದವರಂತೆ ಮೌಸ್ ಹಿಡಿದರು.

ಖಾತೆ ತೆರೆಯಿತು. ಪಾಠ ಪರದೆಯ ತುಂಬ ಹರಡಿಕೊಂಡಿತು: ನೀಲಿ ಪೈಪುಗಳು, ಕೆಂಪು ಚಕ್ರಗಳು, ನಡುವೆ 'ಸುರಕ್ಷಿತವಾಗಿ ಎಣ್ಣೆ ಇಳಿಸುವುದು' ಎಂಬ ಶೀರ್ಷಿಕೆ. ಕ್ಯಾತೆಯ ಕಣ್ಣು ಪಕ್ಕದ ಕಂಪ್ಯೂಟರಿನ ಪಟ್ಟಿಯ ಮೇಲೆ ನೆಟ್ಟಿತ್ತು. ಅಧಿಕಾರಿ ಕೆಳಮೂಲೆಯ ಹೆಲ್ಮೆಟ್ ಚಿತ್ರವನ್ನು ಒತ್ತಿದರು. ಪಾಠ ಮುಚ್ಚಿಕೊಂಡಿತು.

ಪಟ್ಟಿಯ ತಳದಲ್ಲಿ ಹೊಸ ಸಾಲು ಮೂಡಿತು. ತುದಿಯ ಚೌಕ ಒಂದು ಕ್ಷಣ ಬೆಳ್ಳಗಿದ್ದು, ಹಸಿರಾಯಿತು.

ಪೂರ್ಣ.

"ಅಭಿನಂದನೆ ಸಾರ್," ಎಂದಳು ಕ್ಯಾತೆ. "ಇನ್ನು ಈ ಯಂತ್ರ ನೀವೇ ನಡೆಸಬಹುದು. ಸೋರಿದ್ರೆ ಜೈಲಿಗೂ ನೀವೇ ಹೋಗಬಹುದು."

ಟೈಲರಕ್ಕ ಗಟ್ಟಿಯಾಗಿ ನಕ್ಕಳು. ತಮ್ಮ ಆಸ್ಪತ್ರೆ ಸೇರಿದ ಮೇಲೆ ಅವಳು ನಕ್ಕದ್ದನ್ನು ಕ್ಯಾತೆ ಕಂಡದ್ದು ಇದೇ ಮೊದಲು. ಆ ನಗು ಯಾಕೋ ಅರ್ಧಕ್ಕೇ ನಿಂತಿತು.

ಸರ್ಟಿಫಿಕೇಟ್ ಸಾರ್ ಬೆವರು ಒರೆಸಿಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ಇಸ್ಪೀಟಿನ ಕೊನೆಯ ಎಲೆ ಕೈಯಲ್ಲಿಟ್ಟುಕೊಂಡವನ ಸಮಾಧಾನ ಅವನ ಮುಖದಲ್ಲಿತ್ತು.

"ಒಪ್ಪಿದೆ ಮೇಡಂ. ಹಸಿರಿಗೆ ಬೆಲೆ ಇಲ್ಲ. ನಾಳೇನೇ ಸರಿಮಾಡಿಸ್ತೀನಿ. ನೀವು ಹೇಳಿದ ಪ್ರಕಾರ, ಈ ಪಾಠ ಪ್ಲಾಟ್‌ಫಾರ್ಮಿಗೆ ಏನೂ ತಿಳಿಸೋಕೆ ಆಗಲ್ಲ. ಅಂಕಾನೂ ತಿಳಿಸೋಕೆ ಆಗಲ್ಲ. ಹೌದಾ?"

"ಹೌದು."

"ಹಾಗಾದ್ರೆ ಎಲ್ಲರ ಅಂಕದ ಕಾಲಮ್ಮೂ ಖಾಲಿ ಇರ್ಬೇಕು."

"ಇರ್ಬೇಕು."

ಅವನು ಪಟ್ಟಿಯನ್ನು ಪಕ್ಕಕ್ಕೆ ಎಳೆದ. ಇದುವರೆಗೆ ಪರದೆಯ ಅಂಚಿನಾಚೆ ಅಡಗಿದ್ದ ಕಾಲಮ್ಮು ಜಾರಿ ಒಳಬಂತು. ಸಾಲಿಗೆ ಸಾಲು ಖಾಲಿ. ಕಸ ಗುಡಿಸುವವರದು ಖಾಲಿ, ಕಾವಲಿನವರದು ಖಾಲಿ, ತರಬೇತಿ ಮುಖ್ಯಸ್ಥನದೂ ಖಾಲಿ.

ಆಪರೇಟರನ ಸಾಲಿನಲ್ಲಿ ಮಾತ್ರ ಅಂಕವಿತ್ತು. ನೂರಕ್ಕೆ ತೊಂಬತ್ತೆರಡು.

"ಪ್ರತಿಯೊಂದು ಪ್ರಶ್ನೆಗೂ ಉತ್ತರ ಕೊಟ್ಟಿದ್ದಾನೆ," ಎಂದ ಸರ್ಟಿಫಿಕೇಟ್ ಸಾರ್. "ವಾಲ್ವಿನ ಪ್ರಶ್ನೆಗೆ ಸರಿ ಉತ್ತರ ಕೊಟ್ಟಿದ್ದಾನೆ. ಮೊದಲ ಪುಟ ಮಾತ್ರ ನೋಡಿದೋನು ಇಷ್ಟು ಅಂಕ ಹೇಗೆ ತಗೊಂಡ ಮೇಡಂ? ಅದಕ್ಕೂ ಒಂದು ನಿಯಮ ಇದೆಯಾ?"

ಕಂಪನಿ ಕ್ಯಾತೆಗೆ ಕೊಟ್ಟಿದ್ದ ಪಟ್ಟಿಯ ಮುದ್ರಿತ ಪ್ರತಿಯಲ್ಲಿ ಈ ಕಾಲಮ್ಮಿರಲಿಲ್ಲ. ಬೇಕೆಂದೇ ಬಿಟ್ಟಿದ್ದರು. ಅವಳೇ ಹಸಿರನ್ನು ಒಡೆದು ಹಾಕಲಿ, ಆ ಜಾಗದಲ್ಲಿ ಇದನ್ನು ನಿಲ್ಲಿಸೋಣ ಎಂದು ಕಾದಿದ್ದರು.

"ಸಂಜೆಗೆ ವರದಿ ಕಳಿಸ್ಬೇಕು," ಎಂದರು ಅಧಿಕಾರಿ, ಪೆನ್ನಿನ ಮುಚ್ಚಳ ತೆಗೆಯುತ್ತ. "ಇನ್ನೇನಾದ್ರೂ ಹೇಳೋದು ಉಂಟಾ?"

"ಉಂಟು."

ಹೇಳಿದ ಮೇಲೆ ಏನು ಹೇಳಬೇಕೆಂದು ಯೋಚಿಸಿದಳು. ಪರದೆಯನ್ನೇ ನೋಡಿದಳು. ಈ ಕೋಣೆಯಿಂದ ಅಂಕ ಹೋಗಲಾರದು. ಅದರ ಮೇಲೆ ಅವಳು ಆಣೆ ಮಾಡಬಲ್ಲಳು. ಆದರೂ ಅಂಕ ಬಂದಿದೆ. ಎಂದರೆ ಈ ಕೋಣೆಯಿಂದ ಬಂದಿಲ್ಲ.

"ಈ ಪಾಠ ಬೇರೆ ಎಲ್ಲಿ ನೋಡಬಹುದು?"

"ಬೇರೆ ಎಲ್ಲೂ ಇಲ್ಲ," ಎಂದ ಸರ್ಟಿಫಿಕೇಟ್ ಸಾರ್.

"ಮೊಬೈಲಲ್ಲೂ ಬರತ್ತೆ." ಅಧಿಕಾರಿ ಬರೆಯುತ್ತಲೇ ಹೇಳಿದರು. ಹೇಳಿ, ಪೆನ್ನು ನಿಂತಿತು. "ಬರತ್ತೆ ಅಂತ ಯಾರೋ ಹೇಳ್ತಿದ್ರು."

"ಹೌದು ಹೌದು, ಹೊಸ ಆ್ಯಪ್," ಎಂದ ಸರ್ಟಿಫಿಕೇಟ್ ಸಾರ್, ಮರೆತದ್ದು ನೆನಪಾದವನಂತೆ. "ಬೇರೆ ಕಂಪನಿಯದ್ದು. ಕೆಲಸಗಾರರು ಯಾರೂ ಅದನ್ನ ತೆರೆಯೋದೇ ಇಲ್ಲ."

ಕ್ಯಾತೆ ಕೇಳಿಸಿಕೊಳ್ಳುತ್ತಿರಲಿಲ್ಲ. ಹೊಸ ಆ್ಯಪ್, ಹೊಸ ಸ್ಟ್ಯಾಂಡರ್ಡ್. ಪಾಠ ಮಾಡಿದವರು ಕೊಟ್ಟ ಪ್ಯಾಕೇಜನ್ನು ಅಲ್ಲಿ ಯಾರೂ ತಿದ್ದಬೇಕಾಗಿಲ್ಲ. ಕೋಣೆಯಲ್ಲಿ ಮೂಗನಾಗಿದ್ದ ಪಾಠ ಮೊಬೈಲಿನಲ್ಲಿ ಎಲ್ಲವನ್ನೂ ಒದರುತ್ತದೆ. ಎರಡೂ ಕಡೆಯ ಫಲಿತಾಂಶ ಕೊನೆಗೆ ಬಂದು ಸೇರುವುದು ಇದೇ ಪಟ್ಟಿಗೆ.

ಅಂಕ ನಿಜ. ಯಾರೋ ಕೂತು, ಪಾಠ ಓದಿ, ಉತ್ತರ ಕೊಟ್ಟಿದ್ದಾರೆ.

"ಹೊಸ ಸ್ಟ್ಯಾಂಡರ್ಡ್‌ಗೆ ಒಂದು ಚಟ ಇದೆ ಸಾರ್," ಎಂದು ಮೌಸ್ ಕಸಿದುಕೊಂಡು ಅಂಕದ ಮೇಲೆ ಒತ್ತಿದಳು. "ಅಂಕ ಒಂದನ್ನೇ ಬರ್ಕೊಂಡು ಸುಮ್ಮನಿರಲ್ಲ. ಯಾವಾಗ, ಯಾವುದರಲ್ಲಿ ಅಂತಾನೂ ಬರ್ಕೊಳ್ಳತ್ತೆ."

ಪುಟ್ಟ ಕಿಟಕಿ ತೆರೆಯಿತು. ಸಾಧನ: ಮೊಬೈಲ್. ಅದರ ಕೆಳಗೆ ದಿನಾಂಕ.

ಅಪಘಾತದ ಮಾರನೆಯ ದಿನ.

"ಮಾರನೇ ದಿನ ಅವನಿಗೆ ಪ್ರಜ್ಞೆ ಇರಲಿಲ್ಲ," ಎಂದಳು ಕ್ಯಾತೆ ನಿಧಾನವಾಗಿ. "ಡಾಕ್ಟರನ್ನ ಕೇಳಿ. ನರ್ಸನ್ನ ಕೇಳಿ. ಬಾಯಲ್ಲಿ ಕೊಳವೆ ಇಟ್ಕೊಂಡು, ಕಣ್ಣು ಮುಚ್ಕೊಂಡು ತೊಂಬತ್ತೆರಡು ತಗೊಂಡಿದ್ದಾನೆ. ಇವನಿಗೆ ಜೈಲಲ್ಲ, ಬಹುಮಾನ ಕೊಡಿ."

ಸರ್ಟಿಫಿಕೇಟ್ ಸಾರ್ ಪರದೆಯ ಹತ್ತಿರ ಹೋಗಿ ದಿನಾಂಕವನ್ನು ಓದಿದ. ಇನ್ನೊಮ್ಮೆ ಓದಿದ. ಮುಖದ ಬಣ್ಣ ಇಳಿಯಿತು. ನಟನೆಯಲ್ಲ. ಇದು ಅವನಿಗೂ ಗೊತ್ತಿರಲಿಲ್ಲ.

"ಅಂದ್ರೆ... ಅವನ ಮೊಬೈಲು ಯಾರ ಹತ್ರ ಇತ್ತು?" ಎಂದ.

ಕ್ಯಾತೆಗೆ ಉತ್ತರ ಗೊತ್ತಿತ್ತು. ತಾನು ಆಸ್ಪತ್ರೆಗೆ ಹೋದ ಮೊದಲ ದಿನವೇ ನೋಡಿದ್ದಳು: ಗಾಜು ಸೀಳಿದ ಮೊಬೈಲು, ಹೊಲಿಗೆ ಚೀಲದ ಹೊರಜೇಬಿನಲ್ಲಿ, ಕತ್ತರಿಯ ಪಕ್ಕ. ತಿರುಗಿ ನೋಡಲು ಅವಳಿಗೆ ಮನಸ್ಸಾಗಲಿಲ್ಲ. ತಿರುಗಿದಳು.

ಟೈಲರಕ್ಕ ಎದ್ದು ನಿಂತಿದ್ದಳು. ಟೇಪು ಬೆರಳಿಗೆ ಬಿಗಿದು ಬೆರಳ ತುದಿ ಬೆಳ್ಳಗಾಗಿತ್ತು.

"ನನ್ನ ಹತ್ರಾನೇ ಇತ್ತು," ಎಂದಳು.

"ಅಕ್ಕ..."

"ನಾನೇ ಉತ್ತರ ಕೊಟ್ಟೆ ಕಣಮ್ಮ. ಆಣೆ ಪ್ರಮಾಣ ಏನೂ ಬೇಡ. ನಾನೇ."

"ನನಗ್ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳಿದ್ರೂ ತಮ್ಮನ ಕೇಸು ಕೆಡತ್ತೆ ಅಂದ್ರು. ಪಾಸಾಗಿದ್ದಾನೆ ಅಂತ ಪಟ್ಟೀಲಿದ್ರೆ ಅವನಿಗೆ ಕೆಲಸ ಉಳಿಯತ್ತೆ, ಆಸ್ಪತ್ರೆ ಖರ್ಚೂ ಕೊಡ್ತಾರೆ ಅಂದ್ರು. ನನಗೆ ವಾಲ್ವು ಗೊತ್ತಾ, ಎಣ್ಣೆ ಗೊತ್ತಾ? ಆಸ್ಪತ್ರೆ ಬೆಂಚಿನ ಮೇಲೆ ಪಕ್ಕದಲ್ಲೇ ಕೂತು ಒಂದೊಂದು ಉತ್ತರಾನೂ ಹೇಳಿಕೊಟ್ರು. ಮುಗಿದ್ಮೇಲೆ ಹೊರಗೆ ಬರೋಕೆ ದಾರಿ ಸಿಗದೆ ಇಬ್ರೂ ಪರದಾಡಿದ್ವಿ. ಆಮೇಲೆ ಅವರೇ ಕಂಡುಹಿಡಿದ್ರು, ಆ ಮೂಲೇಲಿರೋ..."

ಅವಳ ಮಾತು ಮುಗಿಯುವ ಮೊದಲೇ ಕ್ಯಾತೆಯ ಕಣ್ಣ ಮುಂದೆ ಮೌಸ್ ಹಿಡಿದ ಅಧಿಕಾರಿಯ ಕೈ ಬಂತು. ಕೈ ಹುಡುಕಿರಲಿಲ್ಲ. ತಡಕಾಡಿರಲಿಲ್ಲ. ಪಾಠ ತೆರೆದ ಕೂಡಲೇ ನೇರವಾಗಿ ಕೆಳಮೂಲೆಗೆ ಜಾರಿ ಹೆಲ್ಮೆಟ್ಟನ್ನು ಒತ್ತಿತ್ತು. ಅದು ಹೊರಬಾಗಿಲು ಎಂದು ತಿಳಿಯಲು ಪರೀಕ್ಷಕಿಯಾದ ಅವಳಿಗೇ ನಿನ್ನೆ ಸಾಕುಬೇಕಾಗಿತ್ತು.

ಇವತ್ತೇ ಮೊದಲು ನೋಡ್ತಿರೋದು ಎಂದಿದ್ದರು.

ಪೆನ್ನಿನ ಮುಚ್ಚಳ ಟಕ್ಕೆಂದು ಕೂತಿತು. ವಿಚಾರಣಾಧಿಕಾರಿ ಕಾಗದಗಳನ್ನು ಜೋಡಿಸಿಕೊಂಡು ಎದ್ದರು.

"ಈಯಮ್ಮ ಅಪರಾಧ ಒಪ್ಕೊಂಡಿದ್ದಾಳೆ. ದಾಖಲೆ ತಿದ್ದಿದ್ದು ಇವಳು. ಅದನ್ನೂ ವರದೀಲಿ ಸೇರಿಸ್ತೀನಿ." ದನಿಯಲ್ಲಿ ಅವಸರವಿರಲಿಲ್ಲ, ಕಾಲಿನಲ್ಲಿತ್ತು. "ವಿಚಾರಣೆ ಮುಗೀತು."

ಸರ್ಟಿಫಿಕೇಟ್ ಸಾರ್ ಒಮ್ಮೆ ಅವರನ್ನು, ಒಮ್ಮೆ ಟೈಲರಕ್ಕನನ್ನು ನೋಡಿದ. ಟೈಲರಕ್ಕನ ಕೈ ಮೇಲೆದ್ದಿತ್ತು, ಟೇಪು ಸುತ್ತಿದ ಬೆರಳು ಬಿಳಿ ಅಂಗಿಯ ಕಡೆಗೇ ಚಾಚಿತ್ತು.

ಕ್ಯಾತೆ ಬಾಗಿಲ ಬಳಿ ಹೋದಳು. ಬಾಗಿಲು ಎಳೆದು ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಒದ್ದೆ ಗೋಡೆಯ ತಂಪು ಬಾಗಿಲ ಹಲಗೆಗೂ ಇಳಿದಿತ್ತು, ಬೆನ್ನಿಗೆ ತಗಲಿತು.

"ತೆರೆದು ಮುಚ್ಚಿದ ಮಾತ್ರಕ್ಕೆ ಮುಗೀತು ಅಂತ ಆಗಲ್ಲ ಸಾರ್," ಎಂದಳು. "ಅದನ್ನ ಈಗ ತಾನೇ ನೀವೇ ಮಾಡಿ ತೋರ್ಸಿದ್ರಿ. ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಅಂಗಿಯ ಜೇಬಿನಿಂದ ಮೊಬೈಲು ತೆಗೆದು, ಅವಳ ಕಣ್ಣಲ್ಲಿ ಕಣ್ಣಿಟ್ಟು, ಯಾರಿಗೋ ಒಂದೇ ಮಾತು ಹೇಳಿದರು:

"ಆ ಆಪರೇಟರನ್ನ ಆಸ್ಪತ್ರೆಯಿಂದ ಸಾಗಿಸಿ. ಈಗಲೇ."